ಆರನೇ ನಂಬರಿನ ಬೂಟು

ಬೂಟಿನ ಡಬ್ಬಿಗಳು ಬಂದಿವೆ ಎಂದು ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಿದ್ದ ಶನಿವಾರ ಪ್ರಮಿಳಾ ಟಪಾಲು ಹಂಚುವ ಕೆಲಸವನ್ನು ಬೇಗ ಮುಗಿಸಿ ಖಾನಾಪುರದಿಂದ ಬೆಳಗಾವಿಯ ಬಸ್ಸು ಹತ್ತಿದಳು. ಗಿರಿಸಂಗಾತಿ ಎಂಬ ಚಾರಣಿಗರ ಬಳಗದ ಹಾಲ್ ಇದ್ದದ್ದು ಶಿವಬಸವ ನಗರದಲ್ಲಿ. ಜೂನ್ ತಿಂಗಳಲ್ಲಿ ಹಿಮಾಚಲದ ಒಂದು ಹಿಮಶಿಖರಕ್ಕೆ ಬಳಗದವರು ಎಂಟು ಮಂದಿಯನ್ನು ಕಳಿಸುವವರಿದ್ದರು. ಆ ಎಂಟರಲ್ಲಿ ಪ್ರಮಿಳಾಳೂ ಒಬ್ಬಳು.

ಅವಳಿಗೆ ಆಗ ಮೂವತ್ತೊಂದು ವರ್ಷ. ಅಪ್ಪ ಸಾತಪ್ಪ ಕುರಿ ಕಾಯುತ್ತಿದ್ದವನು. ಹನ್ನೆರಡರ ತನಕ ಅವಳೂ ಅಪ್ಪನ ಹಿಂಡಿನ ಹಿಂದೆ ಬರಿಗಾಲಲ್ಲಿ ತಿರುಗಿದ್ದಳು. ಈಗ ಕಾಡಂಚಿನ ಹಳ್ಳಿಗಳಿಗೆ ಟಪಾಲು ಮುಟ್ಟಿಸುವ ಕೆಲಸ. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ. ಬಳಗದವರು ನಡೆಸಿದ ಆಯ್ಕೆಯಲ್ಲಿ ಬೆನ್ನಿಗೆ ಭಾರ ಕಟ್ಟಿಕೊಂಡು ಗುಡ್ಡ ಹತ್ತಿದ ಮೂವತ್ತು ಜನರ ಪೈಕಿ ಅವಳು ಎರಡನೆಯವಳಾಗಿ ಬಂದಿದ್ದಳು. ಒಂದು ತಿಂಗಳ ರಜೆ ಬರೆದುಕೊಟ್ಟು, ತನ್ನ ಬದಲಿಗೆ ಟಪಾಲು ಹಂಚಲು ಒಬ್ಬರನ್ನು ಗೊತ್ತುಮಾಡಿಯೂ ಆಗಿತ್ತು.

ಹಾಲಿನಲ್ಲಿ ಅಮರ ಡಬ್ಬಿಗಳನ್ನು ಹಂಚುತ್ತಿದ್ದ. ಅವನು ಬಳಗದ ಅಧ್ಯಕ್ಷ ಗುರುಪುತ್ರಪ್ಪನವರ ತಂಗಿಯ ಮಗ. ಸಲಕರಣೆಗಳ ಉಸ್ತುವಾರಿ ಅವನದೇ. ಪ್ರಮಿಳಾಳನ್ನು ಕಂಡವನೇ ಒಂದು ಡಬ್ಬಿ ಮುಂದೆ ತಳ್ಳಿದ.

"ತಗೋರಿ, ಲೇಡೀಸ್ ಆರು. ನಿಮ್ದೊಂದು, ದಾನೇಶ್ವರಿಯವರ್ದೊಂದು."

"ನನ್ನ ಕಾಲಿನ ಅಳತೀನ ತಗೊಂಡಿಲ್ಲಲ್ರೀ ನೀವು?"

"ಆರು ಅಂದ್ರ ಆರರೀ. ಹಾಕ್ಕೊಂಡು ನೋಡ್ರಿ."

ಬೂಟು ಹಿಡಿದು ನೋಡಿದರೆ ಕಟ್ಟಿಗೆಯಷ್ಟು ಗಟ್ಟಿ. ತಳ ಒಂದಿಷ್ಟೂ ಬಾಗುತ್ತಿರಲಿಲ್ಲ. ಹಿಮದಲ್ಲಿ ಜಾರದಂತೆ ಅದರಡಿಗೆ ಉಕ್ಕಿನ ಮುಳ್ಳು ಕಟ್ಟಬೇಕಾಗುತ್ತದೆ, ಅದಕ್ಕೇ ಹಾಗೆ ಎಂದು ಯಾರೋ ಹೇಳಿದರು. ಪ್ರಮಿಳಾ ತೆಳ್ಳಗಿನ ಸಾಕ್ಸಿನ ಮೇಲೆಯೇ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು.

"ಬಾಜೂಕ ಒತ್ತಾಕತ್ತೈತ್ರಿ. ಬೆರಳೂ ಮುಂದ ತಾಕಾಕತ್ತಾವು."

"ಹಿಮದ ಬೂಟು ಬಿಗೀನ ಇರಬೇಕರೀ. ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತಾವು. ಇಲ್ಲಿ ಸೈನ್ ಮಾಡ್ರಿ."

ಇಂಥ ಬೂಟನ್ನು ಅವಳು ಕಣ್ಣಾರೆ ಕಂಡದ್ದೇ ಅಂದು. ತಿಳಿದವರು ಹೇಳುತ್ತಿದ್ದಾರೆ, ಇದ್ದರೂ ಇರಬಹುದು ಅಂದುಕೊಂಡು ಸಹಿ ಹಾಕಿದಳು.

ಮರುವಾರ ಜಾಂಬೋಟಿ ಕಡೆಯ ಗುಡ್ಡದಲ್ಲಿ ಅಭ್ಯಾಸ ಇತ್ತು. ಹೊಸ ಬೂಟು ಹಾಕಿಕೊಂಡು, ಬೆನ್ನಿಗೆ ಹದಿನೈದು ಕಿಲೋ ಭಾರ ಹೊತ್ತು ಎಂಟೂ ಜನ ಹತ್ತಿದರು. ಹತ್ತುವಾಗ ಹೇಗೋ ನಡೆಯಿತು. ಇಳಿಯುವಾಗ ಕಾಲು ಬೂಟಿನೊಳಗೆ ಮುಂದಕ್ಕೆ ಜಾರಿ, ಪ್ರತಿ ಹೆಜ್ಜೆಗೂ ಹೆಬ್ಬೆರಳು ಗೋಡೆಗೆ ಹೊಡೆದಂತೆ ಬಡಿಯತೊಡಗಿತು. ಕಿರುಬೆರಳುಗಳು ಪಕ್ಕದ ಗಟ್ಟಿ ಚರ್ಮಕ್ಕೆ ಸಿಕ್ಕಿ ಮೊದಲು ಉರಿದವು, ಆಮೇಲೆ ಮರಗಟ್ಟಿದವು. ಅರ್ಧ ದಾರಿಗೆ ಅವಳು ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಳು. ಕೆಳಗೆ ಮುಟ್ಟಿದವರಲ್ಲಿ ಕೊನೆಯವಳು ಅವಳೇ.

ಗುರುಪುತ್ರಪ್ಪನವರು ಗಡಿಯಾರ ಹಿಡಿದು ಕಾಯುತ್ತಿದ್ದರು. ನಿವೃತ್ತ ಎಂಜಿನಿಯರ್, ಅರವತ್ತೆರಡರ ಪ್ರಾಯ, ಇಪ್ಪತ್ತು ವರ್ಷದಿಂದ ಹಿಮಾಲಯ ಹತ್ತಿಳಿದವರು.

"ಸರ್, ಬೂಟು ಸಣ್ಣ ಆಗ್ಯಾವ್ರೀ," ಎಂದಳು ಪ್ರಮಿಳಾ.

"ನೋಡವಾ ಪ್ರಮಿಳಾ, ಹಿಮಾಲಯ ಅಂದ್ರ ಟಪಾಲ ಹಂಚಿದಂಗಲ್ಲ. ಸಣ್ಣಾಕಿ ಇದ್ದಾಗ ಬರಿಗಾಲಿಲೆ ಅಡ್ಡಾಡಿ ನಿನ್ನ ಕಾಲ ಹರಡ್ಯಾವು. ಅದಕ್ಕ ಬೂಟು ಏನ ಮಾಡಬೇಕು?"

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಆ ಕಾಲುಗಳನ್ನು ನೋಡಿಯಲ್ಲವೇ ಇವರು ತನ್ನನ್ನು ಆರಿಸಿದ್ದು? ಏನೋ ಹೇಳಲು ಬಾಯಿ ತೆರೆದಳು. ಆದರೆ ನೋವಿನಲ್ಲಿ ಮಾತು ಅಳುವಾಗಿ ಹೊರಬಂದೀತು ಎಂದು ಹೆದರಿ ಬೆನ್ನಿನ ಭಾರ ಬಿಚ್ಚತೊಡಗಿದಳು.

ಮನೆಯಲ್ಲಿ ಸಾಕ್ಸು ತೆಗೆದಾಗ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದ್ದವು. ಎಡಗಾಲಿನ ಕಿರುಬೆರಳಿನ ಚರ್ಮ ಸಾಕ್ಸಿಗೆ ಅಂಟಿಕೊಂಡು ಬಂತು. ಸಾತಪ್ಪ ಉಗುರುಬೆಚ್ಚಗಿನ ನೀರಿಗೆ ಅರಿಶಿನ ಹಾಕಿ ತಂದಿಟ್ಟು, ಮಗಳ ಕಾಲನ್ನು ಬೆಳಕಿಗೆ ಹಿಡಿದು ನೋಡಿದ.

"ಕುರಿ ಕುಂಟಿದ್ರ ನಾವು ಮೊದಲ ಗೊರಸು ಎತ್ತಿ ನೋಡ್ತೀವಿ. ಆ ಸಾಹೇಬ ನಿನ್ನ ಬೂಟು ಬಿಚ್ಚಿಸಿ ನೋಡಿದನೇನು?"

"ಇಲ್ಲಪ್ಪ."

"ಮತ್ತ ಅವಂಗೇನ ಗೊತ್ತು, ತಪ್ಪು ಕಾಲಿಂದೋ ಬೂಟಿಂದೋ ಅಂತ?"

ಮಂಗಳವಾರ ಟಪಾಲಿನ ಚೀಲ ಹೊತ್ತು ಹಳ್ಳಿಯೊಂದರ ಕಟ್ಟೆಯ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು. ಬಳಗದ ಗುಂಪಿನಲ್ಲಿ ಗುರುಪುತ್ರಪ್ಪನವರು ಬರೆದಿದ್ದರು: "ಶಾರೀರಿಕ ಸಾಮರ್ಥ್ಯ ಸಾಲದ ಕಾರಣ ಪ್ರಮಿಳಾ ಸಾತಪ್ಪ ಇವರನ್ನು ತಂಡದಿಂದ ಕೈಬಿಡಲಾಗಿದೆ. ಅವರ ಸ್ಥಾನದಲ್ಲಿ ಅಮರ ಇವರು ಬರುತ್ತಾರೆ." ಅದರ ಕೆಳಗೆ ಆಗಲೇ ಮೂರು ಮಂದಿ ಕೈಮುಗಿಯುವ ಚಿತ್ರ ಹಾಕಿದ್ದರು.

ಅವಳು ಎರಡು ಸಲ ಓದಿದಳು. ಆಯ್ಕೆಯ ದಿನ ಅಮರ ಹದಿನೇಳನೆಯವನಾಗಿ ಬಂದದ್ದು ಅವಳಿಗೆ ನೆನಪಿತ್ತು. ತಪ್ಪು ಬೂಟು ತಂದವನು ಅವನು, ಜಾಗ ಸಿಕ್ಕಿದ್ದೂ ಅವನಿಗೆ! ತಂಡದಿಂದ ಬಿಟ್ಟಿದ್ದರೆ ಬಿಡಲಿ. ಆದರೆ ದಿನಾ ಹದಿನಾಲ್ಕು ಕಿಲೋಮೀಟರ್ ನಡೆಯುವ ಹೆಂಗಸಿಗೆ ಸಾಮರ್ಥ್ಯ ಸಾಲದು ಎಂದು ಇನ್ನೂರು ಜನ ಓದುವ ಕಡೆ ಬರೆಯುವುದೆಂದರೇನು? ಉತ್ತರ ಬರೆಯಹೊರಟು ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು. ಕೊನೆಗೆ ಫೋನನ್ನು ಚೀಲಕ್ಕೆ ತುರುಕಿ ಎದ್ದಳು.

ಅಂದಿನ ಟಪಾಲಿನಲ್ಲಿ ಮೈಲಾರಲಿಂಗ ಎಂಬ ಮುದುಕನಿಗೆ ಒಂದು ಪಾರ್ಸೆಲ್ ಇತ್ತು. ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾದವನು ಅವನು. ಅವನ ಕಾಲಿಗೆಂದೇ ಮಾಡಿದ ಚಪ್ಪಲಿಗಳು ವರ್ಷಕ್ಕೆರಡು ಸಲ ಬೆಳಗಾವಿಯಿಂದ ಬರುತ್ತಿದ್ದವು. ಕಳಿಸಿದವರ ಹೆಸರನ್ನು ಪ್ರಮಿಳಾ ಎಷ್ಟೋ ಸಲ ಓದಿದ್ದಳು: ಚಂದ್ರವ್ವ, ಮಹಾಂತೇಶ ನಗರ. ಅಂದು ಮನೆ ನಂಬರಿನ ಸಮೇತ ಅದನ್ನು ಕೈಯ ಮೇಲೆ ಬರೆದುಕೊಂಡಳು.

ಗುರುವಾರ ಮಧ್ಯಾಹ್ನ ಅವಳು ಬೂಟಿನ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಚಂದ್ರವ್ವನ ಮನೆ ಹುಡುಕಿಕೊಂಡು ಹೋದಳು. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಯ ತುಂಬ ಕಾಗದದ ಮೇಲೆ ಬರೆದ ಪಾದಗಳ ಗೆರೆಗಳು, ಪ್ರತಿಯೊಂದರ ಕೆಳಗೂ ಒಂದೊಂದು ಹೆಸರು. ಐವತ್ತು ದಾಟಿದ ಚಂದ್ರವ್ವ ಕನ್ನಡಕದ ಮೇಲಿಂದ ನೋಡಿ, ಪೂರ್ತಿ ಕಥೆ ಕೇಳಿಸಿಕೊಂಡಳು.

"ಕಾಲು ಯಾವಾಗ ಅಳದರು?"

"ಅಳದ ಇಲ್ರೀ ಅಕ್ಕಾರ."

ಚಂದ್ರವ್ವ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. "ಅಳದ ಇಲ್ಲ?"

ಆದರೂ ಅವಳು ಕೂಡಲೇ ಅಳೆಯಲಿಲ್ಲ. "ಸಂಜೀ ಆಗಲಿ ತಡಿ. ದಿನ ಪೂರ್ತಿ ನಡದ ಮ್ಯಾಲ ಕಾಲು ಒಂದೀಟು ಉಬ್ಬತಾವು. ಗುಡ್ಡದಾಗೂ ಹಂಗ ಉಬ್ಬತಾವು. ಆ ಅಳತೀನ ಖರೇ ಅಳತಿ," ಎಂದು ಚಹಾ ಕೊಟ್ಟು ಕೂರಿಸಿದಳು. ಐದೂವರೆಗೆ ದಪ್ಪ ಉಣ್ಣೆಯ ಸಾಕ್ಸು ಹಾಕಿಸಿ, ಕಾಗದದ ಮೇಲೆ ನಿಲ್ಲಿಸಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಲು ಹೇಳಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಎಡಗಾಲು ಬಲಗಾಲಿಗಿಂತ ಒಂದು ನೂಲಿನಷ್ಟು ಉದ್ದ ಇತ್ತು.

"ದೊಡ್ಡ ಕಾಲು ಯಾವ್ದೈತಿ ಅದಕ್ಕ ಬೂಟು ತಗೋಬೇಕು. ಸಣ್ಣದಕ್ಕ ಮೆತ್ತಿ ಹಾಕಿ ಸರಿ ಮಾಡಬಹುದು."

ಆಮೇಲೆ ಡಬ್ಬಿಯಿಂದ ಬೂಟು ತೆಗೆದು, ಒಳಗೆ ಪಾದದಡಿ ಇರುವ ಮೆತ್ತೆಯನ್ನು ಎಳೆದು ನೆಲದ ಮೇಲಿಟ್ಟಳು. "ಇದರ ಮ್ಯಾಲ ನಿಂದರು."

ಪ್ರಮಿಳಾ ನಿಂತು ಕೆಳಗೆ ನೋಡಿದಳು. ಎರಡೂ ಬದಿಗೆ ಪಾದ ಮೆತ್ತೆಯನ್ನು ದಾಟಿ ಹೊರಗೆ ಚಾಚಿತ್ತು. ಮುಂದೆ ಬೆರಳುಗಳು ಅಂಚಿನ ಮೇಲೇ ಇದ್ದವು. ವಿವರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಇಷ್ಟು ಸಣ್ಣ ಸಂಗತಿ! ಅರ್ಧ ನಿಮಿಷದ ಕೆಲಸ! ಇದನ್ನು ನೋಡದೆ ತನ್ನ ಕಾಲನ್ನು, ತನ್ನ ಬಾಲ್ಯವನ್ನು ನಾಲ್ಕು ಜನರ ಮುಂದೆ ಹೀನಾಯ ಮಾಡಿದರಲ್ಲ ಎಂದು ಅವಳಿಗೆ ಎದೆ ಉರಿಯಿತು.

"ನಿನ್ನ ಕಾಲಿಂದು ಏನೂ ತಪ್ಪಿಲ್ಲ ತಂಗಿ," ಎಂದಳು ಚಂದ್ರವ್ವ. ಅವಳ ದನಿಯಲ್ಲೂ ಸಿಟ್ಟಿತ್ತು. "ಇಂಥಾ ಗಟ್ಟಿ ಬೂಟು ಹಾಕ್ಕೋತ ಸಡ್ಲ ಆಗ್ತಾವಂತ ಯಾವಾಂವ ಹೇಳಿದ? ಒತ್ತೂ ಜಾಗಾ ಒಂದೀಟು ಹಿಗ್ಗಸಬಹುದು, ಉದ್ದ ಮಾಡಾಕ ಯಾರಿಗೂ ಬರಂಗಿಲ್ಲ. ಅದರ ಮ್ಯಾಲ ಬಿಗಿ ಬೂಟಿನಾಗ ರಕ್ತ ಸರಿಯಾಗಿ ಓಡಂಗಿಲ್ಲ. ಹಿಮದಾಗ ಹಂಗ ಕುಂತ್ರ ಬೆರಳು ಸತ್ತ ಹೋಗ್ತಾವು, ಕತ್ತರಸಬೇಕಾಗ್ತದ. ಬೆರಳಿಲ್ಲದ ಕಾಲು ನಾ ದಿನಾ ನೋಡ್ತೀನಿ. ಹುಡುಗಾಟಿಕಿ ಅಲ್ಲಿದು."

ಸರಿಯಾದ ಬೂಟನ್ನು ಹೇಗೆ ಗುರುತಿಸಬೇಕೆಂದೂ ಅವಳು ಹೇಳಿಕೊಟ್ಟಳು. ಲೇಸು ಬಿಗಿಯದೆ ಬೆರಳನ್ನು ಮುಂದಕ್ಕೆ ತಳ್ಳಿ ನಿಂತರೆ ಹಿಮ್ಮಡಿಯ ಹಿಂದೆ ಒಂದು ತೋರುಬೆರಳು ಇಳಿಯಬೇಕು. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ ಲೇಸು ಬಿಗಿದ ಮೇಲೆ ಇಳಿಜಾರು ಹಲಗೆಯ ಮೇಲೆ ಕೆಳಮುಖವಾಗಿ ನಿಲ್ಲಬೇಕು. ಆಗ ಬೆರಳು ಮುಂದೆ ತಾಕಬಾರದು. ಏರುಮುಖವಾಗಿ ನಿಂತು ಹೆಜ್ಜೆ ಎತ್ತಿದರೆ ಹಿಮ್ಮಡಿ ಎದ್ದು ಉಜ್ಜಬಾರದು. ಪ್ರಮಿಳಾ ಎಲ್ಲವನ್ನೂ ಪಾದದ ಗೆರೆ ಇದ್ದ ಕಾಗದದ ಹಿಂದೆಯೇ ಬರೆದುಕೊಂಡಳು.

ಶನಿವಾರ ಸಂಜೆ ತಂಡದ ಸಭೆ ಇತ್ತು. ಎಲ್ಲರೂ ಬೂಟು ಹಾಕಿಕೊಂಡೇ ಬರಬೇಕೆಂದು ಸೂಚನೆ ಇತ್ತು. ಕರೆಯದಿದ್ದರೂ ಪ್ರಮಿಳಾ ಹೋದಳು. ಅವಳನ್ನು ಬಾಗಿಲಲ್ಲಿ ಕಂಡ ಗುರುಪುತ್ರಪ್ಪನವರು ಮಾತು ನಿಲ್ಲಿಸಿದರು.

"ಕುಂದರು ಬಾರವಾ. ಆದ್ರ ಹೆಸರು ತಗದದ್ದಾತು. ಅದರ ಬಗ್ಗೆ ಮತ್ತ ಮಾತು ಬ್ಯಾಡ."

"ಹೆಸರಿನ ಮಾತು ಆಮ್ಯಾಲ ಆಡೂಣ್ರಿ ಸರ್. ಮೊದಲ ಬೂಟಿನ ಮಾತು." ಅವಳು ತನ್ನ ಬೂಟಿನ ಮೆತ್ತೆಯನ್ನು ಹೊರಗೆಳೆದು ಹಾಲಿನ ನಡುವೆ ಇಟ್ಟು ಅದರ ಮೇಲೆ ನಿಂತಳು. "ನೋಡ್ರಿ. ನನ್ನ ಕಾಲು ಇಲ್ಲಿ ಅದ, ಬೂಟು ಇಲ್ಲಿ ಅದ. ಹದಿನೈದ ಕಿಲೋ ಹೊತ್ತು ಇದರಾಗ ನಾ ಗುಡ್ಡ ಇಳದೇನಿ. ಈಗ ಹೇಳ್ರಿ, ಯಾರದು ಸಾಮರ್ಥ್ಯ ಸಾಲದು?"

ಅಮರ, "ಅದು ಅವರ ಕಾಲು..." ಎಂದು ಶುರುಮಾಡಿದ.

"ನನ್ನ ಕಾಲು ಬಿಡ್ರಿ. ದಾನೇಶ್ವರಿ, ನಿಮ್ಮ ಬೂಟು ಬಿಚ್ಚರಿ."

ದಾನೇಶ್ವರಿ ಕಾಲೇಜಿನಲ್ಲಿ ಪಾಠ ಹೇಳುವ ತೆಳ್ಳನೆಯ ಹುಡುಗಿ. ಅವಳ ಮೆತ್ತೆಯ ಮೇಲೆ ಪಾದದ ಮುಂದೆ ಎರಡು ಬೆರಳಗಲ ಖಾಲಿ ಉಳಿಯಿತು. ನಡೆಯುವಾಗ ಹಿಮ್ಮಡಿ ಎದ್ದು ಉಜ್ಜಿ ಎರಡೂ ಕಡೆ ಬೊಬ್ಬೆ ಒಡೆದಿದ್ದವು. ಇಬ್ಬರದೂ ಅದೇ ಆರು. ಒಬ್ಬಳಿಗೆ ಸಣ್ಣದು, ಒಬ್ಬಳಿಗೆ ದೊಡ್ಡದು.

"ಅಮರ, ಈ ನಂಬರು ಎಲ್ಲಿಂದ ತಂದ್ರಿ?" ಎಂದು ಪ್ರಮಿಳಾ ಕೇಳಿದಳು.

ಅಮರ ಗೋಡೆಯ ಕಡೆ ನೋಡಿದ. "ಫಾರ್ಮಿನಾಗ ಬೂಟಿನ ಕಾಲಂ ಇರಲಿಲ್ರೀ. ಹೆಣ್ಣಮಕ್ಕಳದು ಸಾಮಾನ್ಯ ಆರ ಇರ್ತದ. ಗಂಡಮಕ್ಕಳದು ಎಂಟು, ಒಂಬತ್ತು. ಎತ್ತರ ನೋಡಿ ಹಾಕಿದೆ."

ಆಗ ಹಿಂದಿನ ಸಾಲಿನಿಂದ ಸೋಮಲಿಂಗ ಎದ್ದ. ವಿದ್ಯುತ್ ಕಂಬ ಹತ್ತುವ ಕೆಲಸದವನು, ತಂಡದಲ್ಲೇ ಗಟ್ಟಿಮುಟ್ಟಾದ ಆಳು. ಮಾತಾಡದೆ ಬೂಟು ಕಳಚಿ, ಸಾಕ್ಸು ಜಗ್ಗಿದ. ಬಲಗಾಲಿನ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು, ಪಟ್ಟಿಯ ಮೇಲೆ ರಕ್ತದ ಕಲೆ.

"ನನ್ನವೂ ಸಣ್ಣ ಆಗ್ಯಾವ್ರೀ. ಹೇಳಿದ್ರ ನಾಜೂಕ ಅದಾನ ಅಂತೀರಿ ಅಂತ ಸುಮ್ಮಿದ್ದೆ. ಅವತ್ತು ಪ್ರಮಿಳಾ ಅವರು ಹೇಳಿದಾಗರ ನಾ ಬಾಯಿ ಬಿಡಬೇಕಿತ್ತು. ನನ್ನ ತಪ್ಪು."

ಒಬ್ಬೊಬ್ಬರಾಗಿ ಎಲ್ಲರೂ ಮೆತ್ತೆ ಹೊರತೆಗೆದರು. ತಂಡದಲ್ಲಿ ಐದು ಜನರ ಬೂಟು ತಪ್ಪಾಗಿದ್ದವು. ಗುರುಪುತ್ರಪ್ಪನವರ ಮುಖ ಬಿಗಿಯಿತು.

"ನಾವು ಇಪ್ಪತ್ತ ವರ್ಷ ಗುಡ್ಡ ಹತ್ತೀವಿ. ಒಂದೆರಡ ಉಗುರು ಹೋಗೂದು ಇದ್ದದ್ದ. ಅದಕ್ಕ ಇಷ್ಟು ಗದ್ದಲಾ?"

"ನಿಮ್ಮ ಬೂಟು ಎಲ್ಲಿ ತಗೊಂಡ್ರಿ ಸರ್?" ಎಂದು ಪ್ರಮಿಳಾ ಕೇಳಿದಳು.

"ದಿಲ್ಲಿಯೊಳಗ." ಅಷ್ಟು ಹೇಳಿ ಅವರು ನಿಲ್ಲಿಸಬಹುದಿತ್ತು. ಆದರೆ ಅದು ಅವರಿಗೆ ಹೆಮ್ಮೆಯ ಕಥೆ. "ಎರಡ ತಾಸು ಅಂಗಡ್ಯಾಗ ಕುಂತು, ಆರ ಜೋಡಿ ಹಾಕಿ ನಡದು ನೋಡಿ ತಂದೇನಿ."

"ನಿಮಗ ಎರಡ ತಾಸು," ಎಂದಳು ಪ್ರಮಿಳಾ. "ನಮಗ ಎರಡ ಮಿನಿಟೂ ಇಲ್ಲೇನ್ರಿ?"

ಸೋಮಲಿಂಗ ತನ್ನ ಬೂಟು ಜೋಡಿಯನ್ನು ಒಯ್ದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟ. "ಇವನ್ನ ಹಾಕ್ಕೊಂಡು ನಾ ಬರಂಗಿಲ್ಲ. ಪ್ರಮಿಳಾ ಅವರು ಇಲ್ಲದ ತಂಡದಾಗೂ ಬರಂಗಿಲ್ಲ." ದಾನೇಶ್ವರಿ ತನ್ನದನ್ನೂ ಪಕ್ಕದಲ್ಲಿಟ್ಟಳು. ಉಳಿದವರು ಕಾಲು ನೋಡುತ್ತ ಕೂತರು.

ಗುರುಪುತ್ರಪ್ಪನವರು ಮೇಜಿನ ಮೇಲಿನ ಬೂಟುಗಳನ್ನು ಬದಿಗೆ ಸರಿಸಿ, "ಆಯ್ತು, ಹೆಸರು ಮೊದಲಿನಂಗ ಇರಲಿ," ಎಂದರು.

"ಬರೀರಿ ಸರ್."

"ಏನು?"

"ಸಾಮರ್ಥ್ಯ ಸಾಲದು ಅಂತ ಎಲ್ಲಿ ಬರದೀರಿ, ಅಲ್ಲೇ ಬರೀರಿ. ಬೂಟಿನ ಅಳತಿ ತಪ್ಪಿತ್ತು, ಪ್ರಮಿಳಾಂದು ಏನೂ ತಪ್ಪಿರಲಿಲ್ಲ ಅಂತ. ಈಗ."

ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದರು. ಎಲ್ಲರ ಜೇಬಿನ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಪ್ರಮಿಳಾ ಓದಿ ನೋಡಿಯೇ ಕೂತಳು.

ಮುಂದಿನದು ಸುಲಭವಾಗಿರಲಿಲ್ಲ. ಕಲ್ಲಿನ ಮೇಲೆ ನಡೆದ ಬೂಟನ್ನು ವಾಪಸು ಪಡೆಯಲು ವ್ಯಾಪಾರಿ ಒಪ್ಪಲಿಲ್ಲ. ಹೊರಡುವ ದಿನ ಎರಡು ವಾರ ಮುಂದೆ ಹೋಯಿತು. ಚಂದ್ರವ್ವ ತನ್ನ ಇಳಿಜಾರು ಹಲಗೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದು, ಒಂದು ಸಂಜೆ ಪೂರ್ತಿ ಕೂತು ಎಲ್ಲರ ಪಾದದ ಗೆರೆ ತೆಗೆದುಕೊಟ್ಟಳು. ಹೊಸ ಬೂಟು ತರಿಸಲು ಆ ಕಾಗದಗಳನ್ನೇ ವ್ಯಾಪಾರಿಗೆ ಕಳಿಸಲಾಯಿತು. ಪ್ರಮಿಳಾಳ ಪಾದಕ್ಕೆ ಹೊಂದಿದ್ದು ಗಂಡಸರಿಗೆಂದು ಮಾಡಿದ ಅಗಲ ಅಚ್ಚಿನ ಎಂಟನೇ ನಂಬರು. ಅದರಲ್ಲೂ ಬಲ ಕಾಲ್ಗಂಟಿನ ಎಲುಬಿಗೆ ಒಂದು ಕಡೆ ಒತ್ತುತ್ತಿತ್ತು. ಚಂದ್ರವ್ವ ಆ ಜಾಗವನ್ನು ಬಿಸಿಮಾಡಿ, ಮರದ ಗುಂಡಿನಿಂದ ಒಳಗಿನಿಂದ ಹಿಗ್ಗಿಸಿದಳು. ಪ್ರಮಿಳಾ ಹತ್ತು ದಿನ ಆ ಬೂಟಿನಲ್ಲೇ ಟಪಾಲು ಹಂಚಿದಳು. ಹಳ್ಳಿಯ ಹೆಂಗಸರು ನಿಂತು ನೋಡಿ ನಕ್ಕರು. ಅವಳೂ ನಕ್ಕಳು.

ಜುಲೈ ಮೊದಲ ವಾರ ತಂಡ ಶಿಖರ ಹತ್ತಿತು. ಎಂಟರಲ್ಲಿ ಆರು ಜನ ತುದಿ ಮುಟ್ಟಿದರು. ಪ್ರಮಿಳಾ, ಸೋಮಲಿಂಗ, ದಾನೇಶ್ವರಿ ಮೂವರೂ ಆ ಆರರಲ್ಲಿದ್ದರು. ಇಳಿಯುವಾಗ ಗಟ್ಟಿ ಹಿಮದ ಇಳಿಜಾರಿನಲ್ಲಿ ಮೂರು ತಾಸು ಹಿಮ್ಮಡಿ ಊರಿ ಊರಿ ನಡೆಯಬೇಕಾಯಿತು. ಡೇರೆಗೆ ಬಂದು ಬೂಟು ಕಳಚಿದಾಗ ಹತ್ತೂ ಬೆರಳು ಬೆಚ್ಚಗೆ, ಕೆಂಪಗೆ ಇದ್ದವು. ಅವನ್ನು ನೋಡುತ್ತ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟೇ ಮತ್ತೆ ಬಂತು. ಸುಮ್ಮನೆ ಒಪ್ಪಿಕೊಂಡು ಮನೆಯಲ್ಲಿ ಕೂತಿದ್ದರೆ ಈ ಬೆಟ್ಟವನ್ನು ತನ್ನ ಕಾಲಿಗೆ ಆಗದ್ದು ಎಂದೇ ಸಾಯುವ ತನಕ ನಂಬಿರುತ್ತಿದ್ದಳು.

ಬೆಳಗಾವಿಯಲ್ಲಿ ಸನ್ಮಾನ ಇಟ್ಟಿದ್ದರು. ಗುರುಪುತ್ರಪ್ಪನವರು ಮೈಕಿನ ಮುಂದೆ, ಸಲಕರಣೆಗಳನ್ನು ಸಮರ್ಥವಾಗಿ ಒದಗಿಸಿದ್ದಕ್ಕೆ ಅಮರನಿಗೆ ಬಳಗ ಋಣಿ ಎಂದರು. ಚಂದ್ರವ್ವ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಹೆಸರು ಬರಲಿಲ್ಲ. ಪ್ರಮಿಳಾ ತನ್ನ ಸರದಿಗೆ ಕಾಯದೆ ಮೈಕಿಗೆ ಬಂದು, ಯಾರ ಕಾಲು ಯಾರು ಅಳೆದರು, ಮೊದಲು ಯಾರು ಅಳೆಯಲಿಲ್ಲ, ಇಷ್ಟನ್ನು ಮೆತ್ತಗಿನ ದನಿಯಲ್ಲಿ ಹೇಳಿದಳು. ಮೂರನೆಯ ಸಾಲಿನ ಕಡೆ ಕೈ ತೋರಿಸಿ, "ಅಕ್ಕಾರ, ನೀವು ಮ್ಯಾಲ ಬರ್ರಿ," ಎಂದು ಕರೆದಳು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಅಧ್ಯಕ್ಷರ ಮುಖ ನೋಡಿ ಕೈ ಕಟ್ಟಿ ಕೂತರು.

ಬಳಗದ ಮುಂದಿನ ಪ್ರಯಾಣಕ್ಕೆ ಅವಳನ್ನು ಕರೆಯಲಿಲ್ಲ. ಅವಳು ಕೇಳಲೂ ಇಲ್ಲ. ಈಗ ಭಾನುವಾರ ಬೆಳಿಗ್ಗೆ ಖಾನಾಪುರದಲ್ಲಿ ಸೋಮಲಿಂಗನೂ ಅವಳೂ ಸೇರಿ ಗುಡ್ಡ ಹತ್ತುವುದನ್ನು ಕಲಿಸುತ್ತಾರೆ. ದಾನೇಶ್ವರಿ ಬೆಳಗಾವಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಹದಿನೆಂಟು ಮಂದಿ ಸೇರಿದ್ದಾರೆ, ಅದರಲ್ಲಿ ಹನ್ನೊಂದು ಹೆಂಗಸರು. ಕಳೆದ ತಿಂಗಳು ಅವರಲ್ಲೊಬ್ಬಳು, ಬಾಳವ್ವ ಎಂಬ ಅಂಗನವಾಡಿ ಕಾರ್ಯಕರ್ತೆ, ನಡೆಯುವಾಗ ತುಸು ಹಿಂದೆ ಬಿದ್ದು, "ನನ್ನ ಕಾಲ ಸರಿ ಇಲ್ಲ ಕಾಣಸ್ತೈತ್ರಿ," ಎಂದು ನಾಚುತ್ತ ಹೇಳಿದಳು.

"ಹಂಗಂತ ಯಾರು ಹೇಳಿದರು?" ಎಂದು ಪ್ರಮಿಳಾ ಅಲ್ಲೇ ನಿಂತಳು. ಅವಳ ದನಿ ಎಷ್ಟು ಗಡುಸಾಗಿತ್ತೆಂದರೆ ಮುಂದೆ ಹೋಗುತ್ತಿದ್ದವರೂ ತಿರುಗಿ ನೋಡಿದರು.